ಬಿರುಕನ್ನು ತಾನೇ ಮುಚ್ಚಿಕೊಳ್ಳುವ ರೋಮನ್ ಗಾರೆ

ರೋಮ್ ನಗರದ ಪ್ಯಾಂಥಿಯನ್ ದೇಗುಲದ ಗುಮ್ಮಟಕ್ಕೆ ಈಗ ಸುಮಾರು 1,900 ವರ್ಷ ವಯಸ್ಸು. ಚಕ್ರವರ್ತಿ ಹೇಡ್ರಿಯನ್‌ನ ಆಳ್ವಿಕೆಯಲ್ಲಿ, ಕ್ರಿ.ಶ. 126ರ ಸುಮಾರಿಗೆ ಮುಗಿದ ಈ ಗುಮ್ಮಟದ ಒಳವ್ಯಾಸ 43 ಮೀಟರಿಗಿಂತ ಹೆಚ್ಚು. ಕಬ್ಬಿಣದ ಸರಳುಗಳಿಲ್ಲದೆ ಕಟ್ಟಿದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇದಕ್ಕಿಂತ ದೊಡ್ಡದು ಇಂದಿಗೂ ಜಗತ್ತಿನಲ್ಲಿ ಇನ್ನೊಂದಿಲ್ಲ. ಬುಡದಲ್ಲಿ ಸುಮಾರು 6 ಮೀಟರ್ ದಪ್ಪವಿರುವ ಅದು ನೆತ್ತಿಯ ಬೆಳಕಿಂಡಿಯ ಬಳಿ ಒಂದೂಕಾಲು ಮೀಟರಿಗೆ ಇಳಿಯುತ್ತದೆ. ಕೆಳಗೆ ಭಾರವಾದ ಜಲ್ಲಿ, ಮೇಲೇರಿದಂತೆ ಹಗುರವಾದ ಕಲ್ಲು, ತುತ್ತತುದಿಯಲ್ಲಿ ನೀರಿನ ಮೇಲೆ ತೇಲುವ ಪ್ಯೂಮಿಸ್ ಎಂಬ ಜ್ವಾಲಾಮುಖಿ ಕಲ್ಲು. ಎಲ್ಲಿ ಎಷ್ಟು ಭಾರ ಇರಬೇಕೆಂಬುದನ್ನು ಕಟ್ಟಿದವರು ಸ್ಪಷ್ಟವಾಗಿ ಬಲ್ಲವರಾಗಿದ್ದರು.

ಈ ಗುಮ್ಮಟದ ಮಾತು ಬಂದಾಗಲೆಲ್ಲ 'ರೋಮನ್ನರ ಗಾರೆಯ ರಹಸ್ಯ ಅವರೊಂದಿಗೇ ಮಣ್ಣುಪಾಲಾಯಿತು' ಎಂಬ ಮಾತೂ ಬರುತ್ತದೆ. ಇದು ನನಗೆ ಬೇಸರ ತರಿಸುವ ಮಾತು, ಏಕೆಂದರೆ ಆ ಗಾರೆಯ ಮುಖ್ಯ ಸಾಮಗ್ರಿಯನ್ನು ವಿಟ್ರುವಿಯಸ್ ಎಂಬ ವಾಸ್ತುಶಿಲ್ಪಿ ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲೇ ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ನೇಪಲ್ಸ್ ಕೊಲ್ಲಿಯ ಸುತ್ತಲಿನ ಜ್ವಾಲಾಮುಖಿ ಬೂದಿಯನ್ನು ಸುಣ್ಣದೊಂದಿಗೆ ಬೆರೆಸಿದರೆ ಅದು ನೀರಿನೊಳಗೂ ಗಟ್ಟಿಯಾಗುತ್ತದೆ ಎಂಬುದೇ ಆ ತಿಳಿವಳಿಕೆ. ಪೊಟ್ಸುವೊಲಿ ಊರಿನ ಹೆಸರಿನಿಂದ ಅದಕ್ಕೆ ಪೊಜೊಲಾನಾ ಎಂಬ ಹೆಸರು ಬಂತು. 18ನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಸ್ಮೀಟನ್ ಅಲೆಗಳ ನಡುವೆ ಎಡಿಸ್ಟೋನ್ ದೀಪಸ್ತಂಭ ಕಟ್ಟುವಾಗ ಇದೇ ಬೂದಿಯನ್ನು ಇಟಲಿಯಿಂದ ತರಿಸಿಕೊಂಡನು. ಬೂದಿ ಸಿಗದ ಕಡೆ ರೋಮನ್ನರು ಸುಟ್ಟ ಇಟ್ಟಿಗೆ, ಹೆಂಚುಗಳ ಪುಡಿ ಹಾಕುತ್ತಿದ್ದರು. ನಮ್ಮವರು ಅದನ್ನೇ ಸುರ್ಕಿ ಎನ್ನುತ್ತಾರೆ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಬೆಸೆದಿರುವುದು ಸುಣ್ಣ ಸುರ್ಕಿಯ ಗಾರೆಯೇ. ಸುಟ್ಟ ಜೇಡಿಯಲ್ಲಿಯೂ ಜ್ವಾಲಾಮುಖಿ ಬೂದಿಯಲ್ಲಿಯೂ ಇರುವ ಸಿಲಿಕಾ, ಅಲ್ಯುಮಿನಾಗಳು ಸುಣ್ಣದೊಂದಿಗೆ ಕೂಡಿ ನೀರಿಗೆ ಕರಗದ ಬಂಧವನ್ನು ಹೆಣೆಯುತ್ತವೆ. ಇದರಲ್ಲಿ ಕಳೆದುಹೋದದ್ದೇನೂ ಇಲ್ಲ.

ನಿಜವಾಗಿಯೂ ಬಹುಕಾಲ ಅರ್ಥವಾಗದೆ ಉಳಿದದ್ದು ಬೇರೆಯೇ ಇದೆ. ರೋಮನ್ ಗಾರೆಯ ಒಂದು ತುಂಡನ್ನು ಒಡೆದು ನೋಡಿದರೆ ಬೂದುಬಣ್ಣದ ಮೈಯಲ್ಲಿ ಅಲ್ಲಲ್ಲಿ ಬಿಳಿಯ ಕಾಳುಗಳು ಕಾಣುತ್ತವೆ: ಕೆಲವು ಸಾಸಿವೆಯಷ್ಟು, ಕೆಲವು ಅವರೆಕಾಳಿನಷ್ಟು. ಸರಿಯಾಗಿ ತಿರುವದ ಮುದ್ದೆಯಲ್ಲಿ ಉಳಿಯುವ ಹಿಟ್ಟಿನ ಗಂಟುಗಳಂತೆ ಇವೂ ಕೆಲಸಗಾರರ ಅಜಾಗರೂಕತೆಯ ಗುರುತೆಂದೇ ಬಹಳ ಮಂದಿ ತಿಳಿದಿದ್ದರು. ಆದರೆ ಅಳತೆ, ಇಳಿಜಾರು, ಜಲ್ಲಿಯ ತೂಕ ಎಲ್ಲದರಲ್ಲೂ ಅಷ್ಟು ಎಚ್ಚರ ವಹಿಸಿದ ಜನ ಶತಮಾನಗಳ ಕಾಲ ಗಾರೆ ಕಲಸುವುದರಲ್ಲಿ ಮಾತ್ರ ತಪ್ಪುತ್ತಲೇ ಬಂದರೆಂಬುದನ್ನು ಒಪ್ಪುವುದು ಕಷ್ಟ.

ಅಮೆರಿಕದ ಎಂಐಟಿ ತಾಂತ್ರಿಕ ವಿಶ್ವವಿದ್ಯಾಲಯದ ಅದ್ಮಿರ್ ಮಾಸಿಕ್ ಮತ್ತು ಸಂಗಡಿಗರು ಇಟಲಿಯ ಪ್ರಿವೆರ್ನಮ್ ಎಂಬ ಪ್ರಾಚೀನ ಊರಿನ ಗೋಡೆಯ ಗಾರೆಯನ್ನು ಪರೀಕ್ಷಿಸಿ 2023ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಸುಣ್ಣವನ್ನು ಮೊದಲೇ ನೀರಿನಲ್ಲಿ ಅರಳಿಸಿ ತಿಳಿಯಾಗಿಸಿಕೊಳ್ಳುವ ಬದಲು, ಸುಟ್ಟ ಸುಣ್ಣವನ್ನೇ ಬೂದಿಯೊಂದಿಗೆ ಬೆರೆಸಿ ಆಮೇಲೆ ನೀರು ಹಾಕಿದಾಗ ಈ ಕಾಳುಗಳು ಉಂಟಾಗುತ್ತವೆ. ಗೋಡೆಗೆ ಸುಣ್ಣ ಬಳಿಯುವ ಹಿಂದಿನ ದಿನ ಮಡಕೆಯ ನೀರಿಗೆ ಸುಟ್ಟ ಸುಣ್ಣದ ಹೆಂಟೆ ಹಾಕಿದವರಿಗೆ ಅದು ಬುಸುಗುಟ್ಟಿ, ಕೊತಕೊತ ಕುದಿದು, ಮಡಕೆಯನ್ನು ಮುಟ್ಟಲಾಗದಷ್ಟು ಕಾಯಿಸುವುದು ಗೊತ್ತು. ಅದೇ ಕಾವು ಗಾರೆಯ ಒಡಲಲ್ಲಿ ಹುಟ್ಟಿದಾಗ ಅದು ಬೇಗ ಬಿಗಿಯುತ್ತದೆ, ಸುಣ್ಣವೂ ಪೂರ್ತಿ ಕರಗದೆ ಹುಡಿಹುಡಿಯಾದ ಕಾಳಾಗಿ ಉಳಿಯುತ್ತದೆ.

ಹಾಗೆ ಉಳಿದ ಕಾಳು ಮುಂದೆ ಮಾಡುವ ಕೆಲಸ ನನಗೆ ಎಷ್ಟು ಸಲ ಓದಿದರೂ ಬೆರಗು ಹುಟ್ಟಿಸುತ್ತದೆ. ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕು ಮೂಡಿದರೆ ಅದು ಗಟ್ಟಿಯಾದ ಕಡೆಗಿಂತ ಹೆಚ್ಚಾಗಿ ಬಲಹೀನವಾದ ಈ ಕಾಳುಗಳನ್ನೇ ಸೀಳಿಕೊಂಡು ಹರಿಯುತ್ತದೆ. ಹಿಂದೆಯೇ ಮಳೆಯ ನೀರು ಅದೇ ದಾರಿಯಲ್ಲಿ ಇಳಿದು, ಕಾಳಿನ ಸುಣ್ಣವನ್ನು ಕರಗಿಸಿಕೊಂಡು ಬಿರುಕಿನುದ್ದಕ್ಕೂ ಹರಡುತ್ತದೆ, ಆ ಸುಣ್ಣ ಅಲ್ಲಿಯೇ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳಾಗಿ ಕೂತು ಸಂದನ್ನು ತುಂಬುತ್ತದೆ. ಬರಗಾಲಕ್ಕೆಂದು ನೆಲದೊಳಗೆ ಹಗೇವಿನಲ್ಲಿ ಜೋಳ ತುಂಬಿಟ್ಟು, ಕಷ್ಟ ಬಂದಾಗಲಷ್ಟೇ ಅದರ ಬಾಯಿ ತೆಗೆಯುತ್ತಿದ್ದ ರೈತನಂತೆ, ಗೋಡೆಯು ತನ್ನ ಒಡಲಲ್ಲಿ ಸುಣ್ಣವನ್ನು ಕೂಡಿಟ್ಟುಕೊಂಡಿರುತ್ತದೆ. ಗಾಯವಾದ ಕಡೆಗೆ ಹರಿದುಬಂದು ಹೆಪ್ಪುಗಟ್ಟುವ ನೆತ್ತರಿನಂತೆ ಅದು ಬಿರುಕು ಬಿಟ್ಟಲ್ಲಿಯೇ ಗಟ್ಟಿಯಾಗುತ್ತದೆ. ಹಾನಿ ಮಾಡಲು ಬಂದ ನೀರೇ ಇಲ್ಲಿ ಮದ್ದನ್ನು ಹೊತ್ತೊಯ್ಯುತ್ತದೆ.

ಇದು ಊಹೆಯ ಮಾತಲ್ಲ. ಸಂಶೋಧಕರು ಕಾಳುಗಳಿರುವ ಮತ್ತು ಇಲ್ಲದ ಕಾಂಕ್ರೀಟನ್ನು ಎರಕಹೊಯ್ದು, ಸೀಳಿ, ಅರ್ಧ ಮಿಲಿಮೀಟರ್ ಸಂದು ಬಿಟ್ಟು ಜೋಡಿಸಿ ನೀರು ಹರಿಸಿದರು. ಕಾಳುಗಳಿದ್ದ ಕಾಂಕ್ರೀಟಿನ ಬಿರುಕು ಎರಡು ವಾರದೊಳಗೆ ಮುಚ್ಚಿಕೊಂಡು ನೀರು ನಿಂತಿತು. ಇನ್ನೊಂದರಲ್ಲಿ ಹರಿಯುತ್ತಲೇ ಇತ್ತು.

ಹಾಗೆಂದು ನಮ್ಮ ಕಾಲದ ಕಾಂಕ್ರೀಟನ್ನು ಹಳಿಯುವುದು ಸರಿಯಲ್ಲ. ಅದು ಹೊರುವ ಭಾರ ಹೆಚ್ಚು, ಅದು ಬಿಗಿಯುವ ವೇಗವೂ ಹೆಚ್ಚು. ಅನೇಕ ಕಡೆ ಅದು ಸೋಲುವುದು ಒಳಗಿನ ಸರಳುಗಳು ತುಕ್ಕು ಹಿಡಿದು, ಉಬ್ಬಿ, ಸುತ್ತಲಿನ ಕಾಂಕ್ರೀಟನ್ನು ಸಿಡಿಸುವುದರಿಂದ. ಸರಳೇ ಇಲ್ಲದ ರೋಮನ್ನರ ಕಟ್ಟಡಕ್ಕೆ ಆ ರೋಗ ಬರುವಂತಿರಲಿಲ್ಲ. ಅದಕ್ಕೆ ಬದಲಾಗಿ ಅವರು ಎಲ್ಲವನ್ನೂ ಕಮಾನು, ಗುಮ್ಮಟಗಳ ಒತ್ತಡದ ಮೇಲೆಯೇ ನಿಲ್ಲಿಸಬೇಕಾಯಿತು. ಅವರು ಕಟ್ಟಿದ್ದೆಲ್ಲವೂ ಉಳಿಯಲೂ ಇಲ್ಲ. ಕ್ರಿ.ಶ. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಈ ಬಗ್ಗೆ ನೊಂದು ಬರೆದಿದ್ದಾನೆ: ರೋಮ್ ನಗರದ ಕಟ್ಟಡಗಳು ಕುಸಿದುಬೀಳಲು ಎಲ್ಲಕ್ಕಿಂತ ದೊಡ್ಡ ಕಾರಣ ಸುಣ್ಣದ ಕಳ್ಳತನ, ಸಾಕಷ್ಟು ಗಾರೆಯಿಲ್ಲದೆ ಕಲ್ಲುಗಳನ್ನು ಸುಮ್ಮನೆ ಜೋಡಿಸಿಬಿಡುತ್ತಾರೆ ಎಂದು.