ಪ್ರಾಸವನ್ನೇ ನುಂಗಿದ ಪ್ರಾಸನುಡಿ

ಪೂರ್ವ ಲಂಡನ್ನಿನಲ್ಲಿ ಯಾರಾದರೂ ‘ಹ್ಯಾವ್ ಎ ಬುಚರ್ಸ್’ ಎಂದರೆ ಮಾಂಸದಂಗಡಿ ಹುಡುಕಬೇಕಾಗಿಲ್ಲ, ಒಮ್ಮೆ ಇತ್ತ ನೋಡಿದರೆ ಸಾಕು. ಮಾಂಸ ತೂಗುಹಾಕುವ ಕೊಕ್ಕೆಗೆ ಅಲ್ಲಿ ‘ಬುಚರ್ಸ್ ಹುಕ್’ ಎನ್ನುತ್ತಾರೆ. ನೋಟ ಎಂಬರ್ಥದ ‘ಲುಕ್’ಗೂ ಈ ಹುಕ್ಕಿಗೂ ಪ್ರಾಸ ಕೂಡಿತು. ಆಮೇಲೆ ಪ್ರಾಸ ಕೂಡಿಸಿದ ಹುಕ್ಕನ್ನೇ ಕಿತ್ತುಹಾಕಿದರು.

ಕಾಕ್ನಿ, ಅಂದರೆ ಪೂರ್ವ ಲಂಡನ್ನಿನ ಜನರ, ಪ್ರಾಸನುಡಿಯ ಸ್ವಾರಸ್ಯವೆಲ್ಲ ಹೀಗೆ ಕಿತ್ತುಹಾಕುವುದರಲ್ಲೇ ಇದೆ. ಕನ್ನಡದಲ್ಲೇ ಆಡಿ ನೋಡಿ: ‘ಗಲ್ಲ’ಕ್ಕೆ ‘ಬೇವು ಬೆಲ್ಲ’ ಪ್ರಾಸ. ಬೆಲ್ಲ ಬಿಟ್ಟು ‘ಅಜ್ಜಿ ಮಗುವಿನ ಬೇವು ಹಿಂಡಿದಳು’ ಎಂದರೆ ಗುಟ್ಟು ಬಲ್ಲವರಷ್ಟೇ ನಗುತ್ತಾರೆ, ಉಳಿದವರು ಮುಖ ಮುಖ ನೋಡುತ್ತಾರೆ.

‘ಕಾಕ್ನಿ’ ಎಂಬ ಹೆಸರು ಹಳೆಯದು. ಮೊದಲು ಅದಕ್ಕೆ ಹುಂಜದ ಮೊಟ್ಟೆ, ಅಂದರೆ ಸೊಟ್ಟ ಮೊಟ್ಟೆ ಎಂಬ ಅರ್ಥವಿತ್ತು. ಬಳಿಕ ಅತಿಮುದ್ದಿನ ಮಗು, ಪೇಟೆಯ ನಾಜೂಕಿನವ ಎಂದಾಗಿ, ಕೊನೆಗೆ ಲಂಡನ್ನಿನ ಚೀಪ್‌ಸೈಡ್ ಬೀದಿಯ ಸೇಂಟ್ ಮೇರಿ ಲ ಬೋ ಚರ್ಚಿನ ಗಂಟೆ ಕೇಳುವಷ್ಟು ದೂರದಲ್ಲಿ ಹುಟ್ಟಿದವನ ಹೆಸರಾಯಿತು. ಪ್ರಾಸನುಡಿ ಅಷ್ಟು ಹಿಂದಿನದಲ್ಲ. 1851ರಲ್ಲಿ ಲಂಡನ್ನಿನ ಬಡವರ ಬದುಕನ್ನು ದಾಖಲಿಸಿದ ಹೆನ್ರಿ ಮೇಹ್ಯೂ, ತಳ್ಳುಗಾಡಿಯ ವ್ಯಾಪಾರಿಗಳು ‘ಪೆನ್ನಿ’ಯನ್ನು ತಿರುಗಿಸಿ ‘ಯೆನೆಪ್’ ಎನ್ನುವುದನ್ನು ಬರೆದುಕೊಂಡಿದ್ದರು. ಮಾತನ್ನು ಮಡಚುವ ಚಟ ಆ ಬೀದಿಗಳಿಗೆ ಆಗಲೇ ಇತ್ತು. 1859ರಲ್ಲಿ ಜಾನ್ ಕ್ಯಾಮ್ಡನ್ ಹಾಟನ್ ಪ್ರಕಟಿಸಿದ ಆಡುಮಾತಿನ ನಿಘಂಟಿನಲ್ಲಿ ಪ್ರಾಸನುಡಿಗೆಂದೇ ಪ್ರತ್ಯೇಕ ಪಟ್ಟಿಯಿದೆ. ಅದು ಹನ್ನೆರಡು ಹದಿನೈದು ವರ್ಷಗಳ ಹಿಂದೆ, ಹಾಡಿ ಕೂಗಿ ಸರಕು ಮಾರುವವರ ನಡುವೆ ಹುಟ್ಟಿತೆಂದು ಅವರು ಹೇಳುತ್ತಾರೆ.

ಪೊಲೀಸರ ಕಿವಿ ತಪ್ಪಿಸಲು ಕಳ್ಳರು ಕಟ್ಟಿದ ಸಂಕೇತವಿದು ಎಂಬ ಕಥೆಯೇ ಹೆಚ್ಚು ಪ್ರಚಾರದಲ್ಲಿದೆ. ನನಗೆ ಅದು ಒಪ್ಪುವುದಿಲ್ಲ. ಅಷ್ಟು ಬೇಗ ನಿಘಂಟಿನಲ್ಲಿ ಅಚ್ಚಾದ ಗುಟ್ಟು ಎಂಥ ಗುಟ್ಟು? ದಿನವಿಡೀ ಕೂಗಿ ಗಿರಾಕಿಗಳನ್ನು ಸೆಳೆಯಬೇಕಾದವರ ನಾಲಿಗೆ ಆಡಿದ ಆಟವೆಂದೇ ನಂಬುತ್ತೇನೆ.

ಆಟಕ್ಕೆ ಮೊನಚೂ ಇದೆ. ‘ವೈಫ್’ ಅಂದರೆ ‘ಟ್ರಬಲ್ ಆ್ಯಂಡ್ ಸ್ಟ್ರೈಫ್’, ತಾಪತ್ರಯ ಮತ್ತು ಜಗಳ. ಹೆಂಡತಿಯರಿಗೆ ಇದು ನ್ಯಾಯವಲ್ಲ. ನನಗೆ ಇಷ್ಟವಾದದ್ದು ‘ರಾಸ್ಪ್‌ಬೆರಿ’. ನಾಲಿಗೆ ಚಾಚಿ ಪುರ್ರ್ ಎಂದು ಸದ್ದು ಮಾಡುವುದಕ್ಕೆ ಇಂಗ್ಲಿಷಿನವರು ‘ರಾಸ್ಪ್‌ಬೆರಿ ಊದುವುದು’ ಎನ್ನುತ್ತಾರೆ. ಅದು ‘ರಾಸ್ಪ್‌ಬೆರಿ ಟಾರ್ಟ್’ ಎಂಬ ಹಣ್ಣಿನ ಸಿಹಿತಿನಿಸಿನ ಹೆಸರಿನ ಮೊದಲರ್ಧ, ಟಾರ್ಟ್‌ಗೆ ಪ್ರಾಸವಾಗುವ ಪದದ ಅರ್ಥ ಹೂಸು. ಹೂಸಿನ ಮಾತೆತ್ತಲು ನಾಚುವ ಮನೆಗಳಲ್ಲೂ ಮಕ್ಕಳ ಮುಂದೆ ಈ ಪದ ಸಲೀಸಾಗಿ ಓಡಾಡುತ್ತದೆ. ಪ್ರಾಸ ಕಳಚಿದ್ದರಿಂದಲೇ ಅದಕ್ಕೆ ಮರ್ಯಾದೆ ಬಂತು.

2009ರಲ್ಲಿ ಪೂರ್ವ ಲಂಡನ್ನಿನ ಕೆಲವು ಎಟಿಎಂಗಳಲ್ಲಿ ಕಾಕ್ನಿ ನುಡಿಯನ್ನೂ ಆರಿಸಿಕೊಳ್ಳಬಹುದಾಗಿತ್ತು. ಯಂತ್ರ ಪಿನ್ ಬದಲು ಮಾರ್ಕ್ ಟ್ವೇನ್ ಕಾದಂಬರಿಯ ಹುಡುಗ ‘ಹಕಲ್‌ಬೆರಿ ಫಿನ್’ನನ್ನು ಕೇಳುತ್ತಿತ್ತು. ನುಡಿ ಹಾಗೆ ಯಂತ್ರದೊಳಗೆ ಹೊಕ್ಕಿದ್ದಕ್ಕಿಂತ ಊಟದ ಮೇಜಿಗೆ ಬಂದದ್ದು ನನಗೆ ಹೆಚ್ಚು ಹಿಡಿಸುತ್ತದೆ. ಬೆಲ್‌ಫಾಸ್ಟಿನ ಗಾಯಕಿ ರೂಬಿ ಮರ್ರಿ ಅವರ ಐದು ಹಾಡುಗಳು 1955ರಲ್ಲಿ ಒಂದೇ ವಾರ ಬ್ರಿಟನ್ನಿನ ಮೊದಲ ಇಪ್ಪತ್ತರ ಪಟ್ಟಿಯಲ್ಲಿದ್ದವು. ಮರ್ರಿಗೆ ‘ಕರ್ರಿ’ ಪ್ರಾಸವಾಯಿತು, ಆಮೇಲೆ ಮರ್ರಿಯೂ ಉದುರಿತು. ಆ ಹಾಡುಗಳನ್ನು ಕೇಳಿರದ ಹುಡುಗರು ಇಂದು ಭಾರತೀಯ ಅಡುಗೆ ಉಣ್ಣಲು ಹೊರಡುವಾಗ ‘ರೂಬಿಗೆ ಹೋಗೋಣ’ ಎನ್ನುತ್ತಾರೆ.