ಹಬ್ಬ ಮುಗಿಯುವಾಗ ದಮ್ಮು ಎಲ್ಲಿ ಹೋಗುತ್ತದೆ?

ಉಡುಪಿಯಲ್ಲಿ ಕರಾಟೆ ಕಲಿಯುವವರ ಕಷ್ಟಕಾಲ ಅಷ್ಟಮಿಗೆ ಶುರು. ಮರುದಿನ ವಿಟ್ಲಪಿಂಡಿ, ಅಂದರೆ ಕೃಷ್ಣನ ಮೊಸರುಕುಡಿಕೆಯ ಉತ್ಸವ; ಆ ದಿನ ರಥಬೀದಿಯಲ್ಲಿ ತಾಸೆ ವಾದ್ಯದ ಪೆಟ್ಟು ಕೇಳಿದ ಮೇಲೆ ಸಂಜೆಯ ಕ್ಲಾಸ್ ಯಾರಿಗೆ ನೆನಪಾಗುತ್ತದೆ? ನವರಾತ್ರಿ ಬಂತೆಂದರೆ ಕುದ್ರೋಳಿಯ ದಸರಾ ನೋಡಲು ಮಂಗಳೂರಿಗೊಂದು ಓಟ. ಮತ್ತೆ ದೀಪಾವಳಿ. ಡಿಸೆಂಬರ್‌ನಲ್ಲಿ ನೆರೆಮನೆಯ ಬಾಯಮ್ಮ ಕಳಿಸುವ ಕುಸ್ವಾರಿನ, ಅಂದರೆ ಕ್ರಿಸ್‌ಮಸ್ ತಿಂಡಿಗಳ, ತಟ್ಟೆ. (ಹುಲಿವೇಷದವರ ಲೆಕ್ಕ ಬೇರೆ. ಅಕ್ಕಿಮುಡಿಯನ್ನು ಹಲ್ಲಲ್ಲಿ ಕಚ್ಚಿ ಹಿಂದಕ್ಕೆಸೆಯುವವನಿಗೆ ಹಬ್ಬವೇ ತಾಲೀಮು.)

ಒಂದು ವರ್ಷ ನವರಾತ್ರಿಗೆ ಬಿಟ್ಟ ಅಭ್ಯಾಸಕ್ಕೆ ನಾನು ಮರಳಿದ್ದು ದೀಪಾವಳಿ ಕಳೆದ ಮೇಲೆ. ಕಟಾ ಎಂದರೆ ಒಬ್ಬರೇ ಮಾಡುವ, ಕ್ರಮ ಗೊತ್ತುಮಾಡಿದ ಚಲನೆಗಳ ಸರಣಿ; ಹೆಯಾನ್ ಶೋದಾನ್ ಎಂಬ ಕಟಾದ 21 ಚಲನೆಗಳೂ ತಪ್ಪದೆ ಬಂದವು. ಸಮಾಧಾನದಿಂದ ಕುಮಿಟೆಗೆ, ಅಂದರೆ ಎದುರಾಳಿಯೊಡನೆ ಸೆಣಸಾಟಕ್ಕೆ, ನಿಂತೆ. ಎರಡನೇ ನಿಮಿಷಕ್ಕೆ ಏದುಸಿರು. "ಕಾಲು ಉಂಟು, ದಮ್ಮು ಇಲ್ಲ ಮಾರಾಯ ನಿನಗೆ," ಎಂದು ಮಾಸ್ಟ್ರು ನಕ್ಕರು. ಅವರು ಶರೀರಶಾಸ್ತ್ರ ಓದಿದವರಲ್ಲ, ಆದರೆ ಹೇಳಿದ್ದು ಅಕ್ಷರಶಃ ಸರಿ.

ಕಟಾ ಮರೆಯದಿರುವುದು ಸೈಕಲ್ ಮರೆಯದ ಹಾಗೆಯೇ. ನೂರಾರು ಸಲ ಮಾಡಿದ ಚಲನೆಯನ್ನು ಕಾಯುವುದು ಮಿದುಳಿನ ಹಿಂಭಾಗದ ಸೆರೆಬೆಲ್ಲಮ್ ಮತ್ತು ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ. ಅಲ್ಲಿ ಕೂತದ್ದು ಒಂದು ತಿಂಗಳ ರಜೆಗೆಲ್ಲ ಅಳಿಸಿಹೋಗುವುದಿಲ್ಲ.

ದಮ್ಮಿನ ಕಥೆ ರಕ್ತದ್ದು. ನಿತ್ಯ ಬೆವರು ಹರಿಸುವವರ ಮೈಯಲ್ಲಿ ರಕ್ತದ ನೀರಿನಂಶ, ಅಂದರೆ ಪ್ಲಾಸ್ಮಾ, ಹೆಚ್ಚಿರುತ್ತದೆ. ಅಭ್ಯಾಸ ನಿಂತರೆ ಮೊದಲು ಇಳಿಯುವುದು ಇದೇ. ರಕ್ತ ಕಡಿಮೆಯಾದರೆ ಹೃದಯದ ಒಂದೊಂದು ಬಡಿತಕ್ಕೂ ಹೊಮ್ಮುವ ಪ್ರಮಾಣ ಕಡಿಮೆ. ಅದನ್ನು ಸರಿದೂಗಿಸಲು ಹೃದಯ ಬೇಗ ಬೇಗ ಹೊಡೆದುಕೊಳ್ಳಬೇಕು. ಅಮೆರಿಕದ ಸಂಶೋಧಕ ಎಡ್ವರ್ಡ್ ಕಾಯ್ಲ್ 1984ರಲ್ಲಿ ಚೆನ್ನಾಗಿ ಪಳಗಿದ 7 ಜನರ ಅಭ್ಯಾಸವನ್ನು ಪೂರ್ತಿ ನಿಲ್ಲಿಸಿ ನೋಡಿದರು. ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕದ ಪ್ರಮಾಣ ಮೂರು ವಾರದಲ್ಲಿ ಶೇ. 7ರಷ್ಟು ಇಳಿಯಿತು, 56 ದಿನಕ್ಕೆ ಶೇ. 16ರಷ್ಟು ಇಳಿದು ಅಲ್ಲಿಗೆ ನಿಂತಿತು. ಎರಡು ವರ್ಷದ ನಂತರ ಅವರ ತಂಡ ಮಾಡಿದ ಇನ್ನೊಂದು ಪ್ರಯೋಗ ನನಗೆ ಇನ್ನೂ ಇಷ್ಟ. ಕೆಲವು ವಾರ ಅಭ್ಯಾಸ ಬಿಟ್ಟವರ ರಕ್ತನಾಳಕ್ಕೆ ದ್ರಾವಣ ಕೊಟ್ಟು ರಕ್ತದ ಪ್ರಮಾಣವನ್ನು ಹಿಂದಿನಷ್ಟಕ್ಕೆ ಏರಿಸಿದರು. ಹೃದಯದ ಕೆಲಸ ಹೆಚ್ಚುಕಡಿಮೆ ಹಳೆಯ ಮಟ್ಟಕ್ಕೇ ಬಂತು! ಹೃದಯ ಕೆಟ್ಟಿರಲಿಲ್ಲ, ಪಂಪಿಗೆ ನೀರು ಸಾಲುತ್ತಿರಲಿಲ್ಲ.

ಹಾಗಾದರೆ ಹಬ್ಬದ ದಿನಗಳಲ್ಲಿ ಎಷ್ಟು ಮಾಡಿದರೆ ಸಾಕು? ಇದಕ್ಕೆ ಉತ್ತರ ಹುಡುಕಿದವರು ರಾಬರ್ಟ್ ಹಿಕ್ಸನ್. ವಾರಕ್ಕೆ 6 ದಿನ, ದಿನಕ್ಕೆ 40 ನಿಮಿಷದಂತೆ 10 ವಾರ ಜನರನ್ನು ಕಠಿಣವಾಗಿ ಪಳಗಿಸಿ, ಆಮೇಲೆ ಒಂದೊಂದನ್ನೇ ಕಡಿತ ಮಾಡುತ್ತ ಬಂದರು. ದಿನಗಳನ್ನು 2ಕ್ಕೆ ಇಳಿಸಿದರೂ 15 ವಾರ ಕಾಲ ಆಮ್ಲಜನಕದ ಲೆಕ್ಕ ಇಳಿಯಲಿಲ್ಲ. ಬೇರೊಂದು ಗುಂಪಿಗೆ ದಿನಗಳನ್ನು ಹಾಗೇ ಇಟ್ಟು ಸಮಯವನ್ನು 13 ನಿಮಿಷಕ್ಕೆ ಕತ್ತರಿಸಿದರು. ಆಗಲೂ ಅದು ಉಳಿಯಿತು, ದೀರ್ಘಕಾಲ ತಾಳುವ ಶಕ್ತಿ ಮಾತ್ರ ಕೊಂಚ ತಗ್ಗಿತು. ಆದರೆ 1985ರಲ್ಲಿ ದಿನ, ಸಮಯ ಎರಡನ್ನೂ ಮುಟ್ಟದೆ ತೀವ್ರತೆಯನ್ನು ಇಳಿಸಿದಾಗ ಗಳಿಸಿದ್ದು ಕೈಬಿಟ್ಟಿತು. ನಾವು ಮಾಡುವುದು ಸರೀ ಉಲ್ಟಾ. ಹಬ್ಬದ ವಾರ ಒಂದು ಗಂಟೆ ಆರಾಮಾಗಿ ಕೈಕಾಲು ಆಡಿಸಿ, ಹರಟೆ ಹೊಡೆದು "ಕ್ಲಾಸ್ ತಪ್ಪಿಸಲಿಲ್ಲ" ಎಂದು ಬೀಗುತ್ತೇವೆ. ಅದರ ಬದಲು ಎದುರಾಳಿ ಮುಂದೆ ಇದ್ದಾನೆಂದೇ ತಿಳಿದು 13 ನಿಮಿಷ ಒದೆದರೆ ಲಾಭ ಹೆಚ್ಚು.

ಸ್ನಾಯುಬಲ ಇನ್ನೂ ಉದಾರಿ. 2011ರ ಒಂದು ಅಧ್ಯಯನದಲ್ಲಿ ಯುವಕರು ಮೊದಲಿನ ವ್ಯಾಯಾಮದ ಒಂಬತ್ತನೇ ಒಂದು ಪಾಲು ಮಾಡಿಯೇ 32 ವಾರ ಬಲ ಕಾಯ್ದುಕೊಂಡರು. 60 ದಾಟಿದವರಿಗೆ ಅಷ್ಟರಲ್ಲಿ ಸ್ನಾಯುವಿನ ಗಾತ್ರ ಉಳಿಯಲಿಲ್ಲ.

ಇನ್ನು, ಒಂದು ದಿನ ತಪ್ಪಿದರೆ ಎಲ್ಲವೂ ಹೋಯಿತು ಎಂದು ಕೊರಗುವವರು. ಲಂಡನ್ನಿನಲ್ಲಿ 96 ಜನರನ್ನು ಗಮನಿಸಿದ ಸಂಶೋಧಕರು 2010ರಲ್ಲಿ ಹೇಳಿದ್ದು: ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ. ಆದ್ದರಿಂದ ವಿಟ್ಲಪಿಂಡಿಗೆ ಹೋಗಿ ಬನ್ನಿ, ನಾನೂ ಹೋಗುತ್ತೇನೆ.

ಶೋಟೊಕಾನ್ ಕರಾಟೆಯ ಗುರು ಗಿಚಿನ್ ಫುನಾಕೋಶಿ ಕರಾಟೆಯನ್ನು ಬಿಸಿನೀರಿಗೆ ಹೋಲಿಸಿದ್ದರು. ಕಾವು ಕೊಡುತ್ತಿರದಿದ್ದರೆ ತಣ್ಣಗಾಗುತ್ತದೆ ಎಂದು. ಬಚ್ಚಲೊಲೆ ನೋಡಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಹಂಡೆಯಡಿಯ ಕೆಂಡಕ್ಕೆ ಬೂದಿ ಮುಚ್ಚಿಟ್ಟರೆ ಬೆಳಿಗ್ಗೆ ನಾಲ್ಕು ತೆಂಗಿನ ಗರಿಗೇ ನೀರು ಕಾಯುತ್ತದೆ.

ಈಗ ನಮ್ಮಲ್ಲಿ ನರಕ ಚತುರ್ದಶಿಯ ಕ್ರಮ ಹೀಗೆ. ನಸುಕಿಗೆ ಹಂಡೆಯ ಒಲೆಗೆ ಬೆಂಕಿ ಹಾಕಿ ಅಂಗಳಕ್ಕಿಳಿಯುತ್ತೇನೆ. ಮೈ ಬಿಸಿಯಾಗುವವರೆಗೆ ಹಗುರಾಗಿ, ಆಮೇಲೆ ಮಾವಾಶಿ ಗೆರಿ ಎಂಬ ಸುತ್ತು ಒದೆತ, ಒಂದೊಂದು ಕಾಲಿಗೆ ಹತ್ತರಂತೆ, ನಡುವೆ ಅರ್ಧ ನಿಮಿಷ ಬಿಡುವು. ಮಗಳು ಜಗಲಿಯಲ್ಲಿ ಕೂತು ಆಕಳಿಸುತ್ತ "ಇಚಿ, ನಿ, ಸಾನ್" ಎಣಿಸುತ್ತಾಳೆ. ನಾಲ್ಕನೇ ಸುತ್ತಿಗೆ ಅವಳ ಎಣಿಕೆ ತಪ್ಪುತ್ತದೆ, ಒಳಗಿಂದ ಅಮ್ಮ ಎಣ್ಣೆಯ ಗಿಂಡಿ ಹಿಡಿದು ಕರೆಯುತ್ತಾರೆ: "ಸಾಕು ಬಾ ಇನ್ನು, ನೀರು ಕುದೀತಾ ಉಂಟು."