ಪದ ಪರಿಚಯ: ಬ್ಲೈಂಡ್ ಸ್ಪಾಟ್ ಕ್ಯಾಮೆರಾ ಮತ್ತು ಕನ್ನಡಿಯ ದೀಪ

ಒಳಗಿನ ಕನ್ನಡಿಗೂ ಸಿಗದ, ಪಕ್ಕದ ಕನ್ನಡಿಗೂ ಸಿಗದ ಜಾಗವೊಂದು ಪ್ರತಿ ಕಾರಿನ ಎರಡೂ ಬದಿಯಲ್ಲಿ ಇರುತ್ತದೆ. ಹಿಂದಿನ ಬಾಗಿಲಿನ ಆಸುಪಾಸಿನಿಂದ ಶುರುವಾಗಿ ಹಿಂದಕ್ಕೆ ಹರಡಿರುತ್ತದೆ. ಒಂದು ಬೈಕು ಅಲ್ಲಿ ಪೂರ್ತಿ ಮರೆಯಾಗಬಹುದು. ಇದೇ ಬ್ಲೈಂಡ್ ಸ್ಪಾಟ್. ಇದಕ್ಕೆ ಕಾರು ಕಂಪನಿಗಳು ಎರಡು ಉಪಾಯ ಮಾಡಿವೆ. ಷೋರೂಮಿನಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದುಂಟು, ಆದರೆ ಎರಡರ ಕೆಲಸ ಬೇರೆ.

ಮೊದಲನೆಯದು ಕನ್ನಡಿಯ ದೀಪ. ಹಿಂದಿನ ಬಂಪರಿನ ಮೂಲೆಗಳಲ್ಲಿ ರೇಡಾರ್ ಇರುತ್ತದೆ. ಮರೆಯಲ್ಲಿ ಗಾಡಿ ಬಂದರೆ ಆ ಬದಿಯ ಕನ್ನಡಿಯಲ್ಲಿ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಆಗ ಅದೇ ಕಡೆ ಇಂಡಿಕೇಟರ್ ಹಾಕಿದರೆ ದೀಪ ಮಿಣುಕುತ್ತದೆ, ಹಲವು ಕಾರುಗಳಲ್ಲಿ ಬೀಪ್ ಕೂಡ ಕೇಳುತ್ತದೆ. 2000ರ ದಶಕದ ಮಧ್ಯದಲ್ಲಿ ವೋಲ್ವೋ ಇಂಥ ದೀಪ ತಂದಾಗ ಅದರ ಹಿಂದೆ ಇದ್ದದ್ದು ರೇಡಾರ್ ಅಲ್ಲ, ಕ್ಯಾಮೆರಾ! ಕನ್ನಡಿಯ ಕೆಳಗಿದ್ದ ಆ ಕ್ಯಾಮೆರಾ ಚಿತ್ರ ತೋರಿಸುತ್ತಿರಲಿಲ್ಲ, ಗಾಡಿಯನ್ನು ಗುರುತಿಸಿ ದೀಪ ಹೊತ್ತಿಸುತ್ತಿತ್ತು ಅಷ್ಟೇ. ಆಮೇಲೆ ಅವರೂ ರೇಡಾರ್‌ಗೆ ಬದಲಾದರು.

ಎರಡನೆಯದು ಚಿತ್ರ ತೋರಿಸುವ ಕ್ಯಾಮೆರಾ. ಹೋಂಡಾದ ಲೇನ್‌ವಾಚ್ ಇದಕ್ಕೆ ಒಳ್ಳೆ ಉದಾಹರಣೆ. 2020ರ ಹೋಂಡಾ ಸಿಟಿಯಲ್ಲಿ ಅದು ನಮ್ಮಲ್ಲಿಗೂ ಬಂತು. ಎಡಗಡೆ ಇಂಡಿಕೇಟರ್ ಹಾಕಿದರೆ ಸಾಕು, ಎಡ ಕನ್ನಡಿಯ ಕೆಳಗಿನ ಕ್ಯಾಮೆರಾದ ಚಿತ್ರ ಡ್ಯಾಶ್‌ಬೋರ್ಡಿನ ಪರದೆಯಲ್ಲಿ ಮೂಡುತ್ತದೆ. ಸುಮಾರು 80 ಡಿಗ್ರಿ ಅಗಲದ ನೋಟ, ಆ ಬದಿಯ ಕನ್ನಡಿ ತೋರಿಸುವುದಕ್ಕಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು. ಬಲಗಡೆಗೆ ಮಾತ್ರ ಇಲ್ಲ. ಹ್ಯುಂಡೈ ಕ್ರೆಟಾದ ಮೇಲಿನ ಮಾಡೆಲ್‌ಗಳಲ್ಲಿ ಎರಡೂ ಬದಿಯ ಚಿತ್ರ ಸ್ಪೀಡೋಮೀಟರ್ ಇರುವ ಜಾಗದಲ್ಲೇ ಕಾಣುತ್ತದೆ.

ಯಾವುದು ಮೇಲು? ಹೆದ್ದಾರಿಯಲ್ಲಿ ನನ್ನ ಓಟು ದೀಪಕ್ಕೆ. ಲೇನ್ ಬದಲಿಸುವ ಮುಂಚೆ ಕಣ್ಣು ಹೇಗೂ ಕನ್ನಡಿಗೆ ಹೋಗುತ್ತದೆ, ದೀಪವೂ ಅಲ್ಲೇ ಇರುತ್ತದೆ. ಇಂಡಿಕೇಟರ್ ಹಾಕುವ ಮೊದಲೇ ವಿಷಯ ಗೊತ್ತಾಗುತ್ತದೆ. ಕ್ಯಾಮೆರಾ ಹಾಗಲ್ಲ, ಇಂಡಿಕೇಟರ್ ಮುಟ್ಟದವರಿಗೆ ಅದು ಇದ್ದೂ ಇಲ್ಲ. ಅಂಥವರು ನಮ್ಮಲ್ಲಿ ಕಡಿಮೆಯೇನಿಲ್ಲ, ಅಲ್ವಾ?

ಬೆಂಗಳೂರಿನ ಸಿಲ್ಕ್ ಬೋರ್ಡ್ ಥರದ ಕಡೆ ಲೆಕ್ಕ ತಿರುಗುತ್ತದೆ. ಸುತ್ತ ಬೈಕು, ಆಟೋ ತುಂಬಿರುವಾಗ ದೀಪ ಹೊತ್ತಿಕೊಂಡೇ ಇದ್ದರೆ ಸ್ವಲ್ಪ ಹೊತ್ತಿಗೆ ಅದನ್ನು ಯಾರೂ ನೋಡುವುದಿಲ್ಲ. ಎಡಕ್ಕೆ ತಿರುಗುವಾಗ ಸಂದಿಯಲ್ಲಿ ನುಗ್ಗುವ ಸ್ಕೂಟರ್ ಎಷ್ಟು ಹತ್ತಿರ ಇದೆ, ನಿಂತಿದೆಯೋ ಬರ್ತಾ ಇದೆಯೋ ಎಂದು ತೋರಿಸುವುದು ಕ್ಯಾಮೆರಾವೇ. ಆದರೆ ಅಗಲ ನೋಟದ ಲೆನ್ಸಿನಲ್ಲಿ ಗಾಡಿಗಳು ಇರುವುದಕ್ಕಿಂತ ದೂರ ಕಾಣುತ್ತವೆ. ಅದಕ್ಕೇ ಲೇನ್‌ವಾಚ್ ಪರದೆಯ ಮೇಲೆ ದೂರದ ಅಂದಾಜಿಗೆ ಗೆರೆಗಳಿವೆ.

ಮಳೆಗಾಲದಲ್ಲಿ ಲೆನ್ಸಿನ ಮೇಲೆ ಕೆಸರು ಕೂತರೆ ಚಿತ್ರ ಮಸುಕು. ರೇಡಾರ್‌ಗೂ ಅದರದೇ ತೊಂದರೆ ಇದೆ: ಪೆಟ್ಟಾದ ಬಂಪರಿಗೆ ಸುಮ್ನೆ ದಪ್ಪಗೆ ಪುಟ್ಟಿ ಮೆತ್ತಿಸಿದರೆ ಅದು ಸರಿಯಾಗಿ ಕೆಲಸ ಮಾಡದೇ ಹೋಗಬಹುದು.

ಎರಡೂ ಇಲ್ಲದ ಕಾರಿಗೂ ಒಂದು ದಾರಿ ಇದೆ. 1995ರಲ್ಲಿ ಜಾರ್ಜ್ ಪ್ಲಾಟ್ಜರ್ ಎಂಬ ಎಂಜಿನಿಯರ್ ಒಂದು ಪ್ರಬಂಧದಲ್ಲಿ ಹೇಳಿದ್ದು: ಪಕ್ಕದ ಕನ್ನಡಿಗಳನ್ನು ಇನ್ನಷ್ಟು ಹೊರಕ್ಕೆ ತಿರುಗಿಸಿ. ತಲೆಯನ್ನು ಬಲ ಕಿಟಕಿಗೆ ತಾಗಿಸಿ ಕೂತಾಗ ಬಲ ಕನ್ನಡಿಯಲ್ಲಿ ಕಾರಿನ ಅಂಚು ಚೂರೇ ಚೂರು ಕಾಣಬೇಕು. ಎಡ ಕನ್ನಡಿಗೆ ಕಾರಿನ ನಡುವಿನ ತನಕ ಬಾಗಿ ಅದೇ ರೀತಿ ನೋಡಬೇಕು. ಹೀಗೆ ಹೊಂದಿಸಿದರೆ ಹಿಂದಿನಿಂದ ಬರುವ ಕಾರು ಒಳಗಿನ ಕನ್ನಡಿಯಿಂದ ಜಾರುವಷ್ಟರಲ್ಲಿ ಪಕ್ಕದ ಕನ್ನಡಿಗೆ ಬಂದಿರುತ್ತದೆ. ಮೊದಮೊದಲು ಸ್ವಂತ ಕಾರಿನ ಮೈ ಕಾಣದೆ ಕಸಿವಿಸಿಯಾಗುತ್ತದೆ.